ಹವಾಮಾನ ಬದಲಾವಣೆಯ ಚಿತ್ರಗಳಿಂದ ಜನರ ಮನಸ್ಸನ್ನು ಅಳೆಯುವುದು ಹೇಗೆ?

2017ರ ಆಗಸ್ಟ್‌ನಲ್ಲಿ ಕೆನಡಾದ ಉತ್ತರ ತುದಿಯ ಸಾಮರ್‌ಸೆಟ್ ದ್ವೀಪದಲ್ಲಿ, ಮೂಳೆ ಚಕ್ಕಳವಾಗಿದ್ದ ಹಿಮಕರಡಿಯೊಂದು ಆಹಾರ ಹುಡುಕುತ್ತ ಕಾಲೆಳೆದುಕೊಂಡು ನಡೆಯುವ ದೃಶ್ಯವನ್ನು ಛಾಯಾಗ್ರಾಹಕರಾದ ಪಾಲ್ ನಿಕ್ಲೆನ್ ಮತ್ತು ಕ್ರಿಸ್ಟಿನಾ ಮಿಟರ್‌ಮಿಯರ್ ಅವರ ತಂಡ ಚಿತ್ರೀಕರಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಆ ವಿಡಿಯೊವನ್ನು 'ಹವಾಮಾನ ಬದಲಾವಣೆ ಎಂದರೆ ಇದು' ಎಂಬ ಅರ್ಥ ಬರುವ ಅಡಿಬರಹದೊಂದಿಗೆ ಪ್ರಕಟಿಸಿತು. ಅದು ಸುಮಾರು 250 ಕೋಟಿ ಜನರನ್ನು ತಲುಪಿತೆಂದು ಅಂದಾಜಿಸಲಾಯಿತು. ಕೆಲವೇ ತಿಂಗಳ ನಂತರ, 2018ರ ಆಗಸ್ಟ್ ಸಂಚಿಕೆಯಲ್ಲಿ, ಆ ಅಡಿಬರಹದ ಮೂಲಕ ತಾವು ಮಿತಿ ಮೀರಿದ್ದಾಗಿ ಪತ್ರಿಕೆ ಒಪ್ಪಿಕೊಂಡಿತು. ಆ ಕರಡಿ ಏಕೆ ಹಸಿದಿತ್ತೆಂದು ಖಚಿತವಾಗಿ ಹೇಳಲು ಯಾವ ಆಧಾರವೂ ಇರಲಿಲ್ಲ. ಅದಕ್ಕೆ ವಯಸ್ಸಾಗಿರಬಹುದು, ರೋಗ ತಗಲಿರಬಹುದು, ಪೆಟ್ಟಾಗಿರಬಹುದು.

ಈ ಪ್ರಸಂಗದಲ್ಲಿ ಚಿತ್ರದ ಸತ್ಯಾಸತ್ಯತೆಯ ಚರ್ಚೆ ಬಹಳ ನಡೆಯಿತು. ಆದರೆ ಅದರಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ ಹಿಂದೆಯೇ ಉಳಿಯಿತು. ಆ ದೃಶ್ಯವನ್ನು ನೋಡಿದವರಲ್ಲಿ ಹಲವರಿಗೆ ಕಣ್ಣೀರು ಬಂತು, ಹಲವರಿಗೆ ಸಿಟ್ಟು ಬಂತು. ಆ ಕಣ್ಣೀರು, ಆ ಸಿಟ್ಟು ಹವಾಮಾನ ಬದಲಾವಣೆಯ ಬಗ್ಗೆ ಜನರಿಗಿರುವ ಭಾವನೆಯೇ, ಅಥವಾ ಹಸಿದ ಒಂದು ಜೀವದ ಮೇಲಿನ ಕರುಣೆಯೇ? ಈ ಎರಡನ್ನೂ ಒಂದೇ ಎಂದು ಲೆಕ್ಕಕ್ಕೆ ಬರೆದುಕೊಂಡರೆ ಬರುವ ಅಂಕಿ ಎಷ್ಟೇ ದೊಡ್ಡದಾದರೂ ಅದು ಅಳೆದಿರುವುದು ಬೇರೆ ಯಾವುದನ್ನೋ. ಚಿತ್ರಗಳ ಮೂಲಕ ಜನಭಾವನೆಯನ್ನು ತಿಳಿಯಲು ಕಳೆದ ಎರಡು ದಶಕಗಳಲ್ಲಿ ನಡೆದಿರುವ ಪ್ರಯತ್ನಗಳನ್ನು ಅರ್ಥ ಮಾಡಿಕೊಳ್ಳಬೇಕಾದರೆ ಒಂದು ಭೇದವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಚಿತ್ರದೊಳಗೆ ಕಾಣುವ ಭಾವ ಒಂದು, ಅದನ್ನು ತೆಗೆದವರ ಅಥವಾ ಹಂಚಿದವರ ಉದ್ದೇಶ ಇನ್ನೊಂದು, ನೋಡಿದವರ ಮನಸ್ಸಿನಲ್ಲಿ ಹುಟ್ಟುವುದು ಮತ್ತೊಂದು. ಈ ಕ್ಷೇತ್ರದ ಹೆಚ್ಚಿನ ಗೊಂದಲಗಳು ಹುಟ್ಟಿರುವುದು ಈ ಮೂರನ್ನು ಬೆರೆಸಿದ್ದರಿಂದಲೇ ಎಂದು ನನಗೆ ಅನಿಸುತ್ತದೆ.

ಮೊದಲ ಪ್ರಯತ್ನಗಳಲ್ಲಿ ಛಾಯಾಚಿತ್ರವೇ ಇರಲಿಲ್ಲ. ಅಮೆರಿಕದ ಸಂಶೋಧಕ ಆಂಥನಿ ಲೈಸರೊವಿಟ್ಜ್ 2002–03ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, 'ಜಾಗತಿಕ ತಾಪಮಾನ ಏರಿಕೆ ಎಂಬ ಮಾತು ಕೇಳಿದೊಡನೆ ನಿಮ್ಮ ಮನಸ್ಸಿಗೆ ಬರುವ ಮೊದಲ ಯೋಚನೆ ಅಥವಾ ಚಿತ್ರ ಯಾವುದು?' ಎಂದು ಜನರನ್ನು ಕೇಳಲಾಯಿತು. ಉತ್ತರ ಹೇಳಿದ ಮೇಲೆ, ಆ ಚಿತ್ರ ತಮಗೆ ಎಷ್ಟು ಒಳ್ಳೆಯದು ಅಥವಾ ಕೆಟ್ಟದ್ದು ಅನಿಸುತ್ತದೆ ಎಂಬುದಕ್ಕೆ ಅವರೇ ಅಂಕ ಕೊಡಬೇಕಿತ್ತು. ಅತಿ ಕೆಟ್ಟದ್ದಕ್ಕೆ ಋಣ 5, ಅತಿ ಒಳ್ಳೆಯದಕ್ಕೆ ಧನ 5. ಬಂದ ಉತ್ತರಗಳಲ್ಲಿ ಕರಗುವ ಹಿಮದ್ದೇ ಮೇಲುಗೈ. ಜನರಿಗೆ ಈ ಸಂಗತಿ ಕೆಟ್ಟದ್ದೆಂದು ತಿಳಿದಿತ್ತು. ಋಣ ಅಂಕಗಳೇ ಅದನ್ನು ಹೇಳುತ್ತಿದ್ದವು. ಆದರೆ ಅವರ ಮನಸ್ಸಿನಲ್ಲಿದ್ದ ಚಿತ್ರ ಅವರ ಊರಿನದಲ್ಲ, ಅವರ ಮನೆಯವರದಲ್ಲ, ಅವರ ಆರೋಗ್ಯದ್ದಲ್ಲ. ಸಾವಿರಾರು ಮೈಲಿ ಆಚೆಯ ಮಂಜುಗಡ್ಡೆಯದು. ಆತಂಕ ಇದ್ದೂ ಅದು ಅವಸರವಾಗದೆ ಉಳಿದದ್ದಕ್ಕೆ ಇದೂ ಒಂದು ಕಾರಣವೆಂದು ಲೈಸರೊವಿಟ್ಜ್ ವಾದಿಸಿದರು. ಈ ವಿಧಾನದಲ್ಲಿ ನನಗೆ ತುಂಬ ಮೆಚ್ಚುಗೆಯಾಗುವ ಅಂಶವೆಂದರೆ, ಚಿತ್ರವನ್ನು ಕೊಡುವವರೂ ಅಂಕ ಕೊಡುವವರೂ ಒಬ್ಬರೇ ಆಗಿರುವುದು. ಸಂಶೋಧಕರು ತಮ್ಮ ಭಾವನೆಯನ್ನು ಜನರ ಮೇಲೆ ಹೇರಲು ಇಲ್ಲಿ ಅವಕಾಶ ಕಡಿಮೆ.

ನಿಜವಾದ ಛಾಯಾಚಿತ್ರಗಳನ್ನು ತೋರಿಸಿ ಭಾವನೆಯನ್ನು ಅಳೆಯುವುದಕ್ಕೆ ಮನೋವಿಜ್ಞಾನದಲ್ಲಿ ಹಳೆಯ ದಾರಿಯೊಂದಿದೆ. ಫ್ಲಾರಿಡಾ ವಿಶ್ವವಿದ್ಯಾಲಯದ ಪೀಟರ್ ಲ್ಯಾಂಗ್ ಮತ್ತು ಮಾರ್ಗರೆಟ್ ಬ್ರಾಡ್ಲಿ ಬಳಕೆಗೆ ತಂದ ವಿಧಾನದಲ್ಲಿ, ಪ್ರತಿ ಚಿತ್ರಕ್ಕೂ ನೋಡುಗರು 9 ಮೆಟ್ಟಿಲುಗಳ ಅಳತೆಯ ಮೇಲೆ ಬೇರೆ ಬೇರೆ ಅಂಕ ಕೊಡುತ್ತಾರೆ. ಆ ಚಿತ್ರ ಎಷ್ಟು ಹಿತ ಅಥವಾ ಅಹಿತ ಎನ್ನುವುದಕ್ಕೆ ಒಂದು, ಅದು ಮನಸ್ಸನ್ನು ಎಷ್ಟು ಕಲಕುತ್ತದೆ ಎನ್ನುವುದಕ್ಕೆ ಇನ್ನೊಂದು, ಅದರ ಎದುರು ತಾನು ಹಿಡಿತದಲ್ಲಿದ್ದೇನೆಯೋ ಇಲ್ಲವೋ ಎನ್ನುವುದಕ್ಕೆ ಮತ್ತೊಂದು. ಈ ಮೂರನ್ನೂ ಬೇರೆ ಬೇರೆ ಕೇಳುವುದಕ್ಕೆ ಕಾರಣವಿದೆ. ಬತ್ತಿದ ಜಲಾಶಯ ಮತ್ತು ಮನೆಯನ್ನು ಕೊಚ್ಚಿಕೊಂಡು ಹೋಗುವ ನೆರೆ ಎರಡೂ ಅಹಿತವೇ; ಆದರೆ ಮೊದಲನೆಯದು ಮನಸ್ಸನ್ನು ಕುಗ್ಗಿಸಬಹುದು, ಎರಡನೆಯದು ಎಬ್ಬಿಸಬಹುದು.

ಹವಾಮಾನದ ಚಿತ್ರಗಳ ವಿಷಯದಲ್ಲಿ ಅತ್ಯಂತ ಫಲಕಾರಿಯಾದ ಅಧ್ಯಯನ ಬಂದದ್ದು 2013ರಲ್ಲಿ. ಈಗ ಬ್ರಿಟನ್ನಿನ ಎಕ್ಸಿಟರ್ ವಿಶ್ವವಿದ್ಯಾಲಯದಲ್ಲಿರುವ ಭೂಗೋಳಶಾಸ್ತ್ರಜ್ಞೆ ಸ್ಯಾಫ್ರನ್ ಓನೀಲ್ ಮತ್ತು ಅವರ ಸಹೋದ್ಯೋಗಿಗಳು ಬ್ರಿಟನ್, ಅಮೆರಿಕ ಮತ್ತು ಆಸ್ಟ್ರೇಲಿಯಾಗಳಲ್ಲಿ ಜನರ ಕೈಗೆ ಚಿತ್ರಗಳನ್ನೇ ಕೊಟ್ಟರು. ಅವರು ಬಳಸಿದ ಪದ್ಧತಿಯನ್ನು ಬ್ರಿಟಿಷ್ ಮನೋವಿಜ್ಞಾನಿ ವಿಲಿಯಂ ಸ್ಟೀಫನ್‌ಸನ್ 1935ರಲ್ಲಿ ರೂಪಿಸಿದ್ದರು. ಅದನ್ನು ಕ್ಯೂ ವಿಧಾನ ಎನ್ನುತ್ತಾರೆ. ಮೇಜಿನ ಮೇಲೆ ಚೌಕಗಳನ್ನು ಬರೆದ ಒಂದು ಹಾಳೆ ಇರುತ್ತದೆ. ಚೌಕಗಳ ಸಾಲುಗಳು ನಡುವೆ ಎತ್ತರ, ಎರಡೂ ಕೊನೆಗಳತ್ತ ಹೋದಂತೆ ಗಿಡ್ಡ. 'ಹವಾಮಾನ ಬದಲಾವಣೆ ಮಹತ್ವದ್ದು ಎಂದು ನನಗೆ ಅತಿ ಹೆಚ್ಚು ಅನಿಸುವಂತೆ ಮಾಡುವ ಚಿತ್ರ' ಒಂದು ಕೊನೆಗೆ, 'ಅದು ಮಹತ್ವದ್ದಲ್ಲ ಎಂದು ಅನಿಸುವಂತೆ ಮಾಡುವ ಚಿತ್ರ' ಇನ್ನೊಂದು ಕೊನೆಗೆ. ಕೊನೆಗಳಲ್ಲಿ ಜಾಗ ಬಹಳ ಕಡಿಮೆ ಇರುವುದರಿಂದ ಎಲ್ಲ ಚಿತ್ರಗಳನ್ನೂ 'ತುಂಬ ಮುಖ್ಯ' ಎಂದು ಒಂದೇ ಕಡೆ ಗುಡ್ಡೆ ಹಾಕಲು ಆಗುವುದಿಲ್ಲ. ಭಾಗವಹಿಸಿದವರು ಒಂದು ಚಿತ್ರವನ್ನು ಇಡುವಾಗ ಇನ್ನೊಂದನ್ನು ಎತ್ತಿ ಬೇರೆಡೆಗೆ ಸರಿಸಬೇಕಾಗುತ್ತದೆ, ಹೋಲಿಸದೆ ಗತಿಯಿಲ್ಲ. ಮುಗಿದ ಮೇಲೆ ಅದೇ ಚಿತ್ರಗಳನ್ನು ಎರಡನೆಯ ಬಾರಿ ಜೋಡಿಸಬೇಕು. ಈ ಬಾರಿಯ ಪ್ರಶ್ನೆ ಬೇರೆ: ಯಾವ ಚಿತ್ರ ನೋಡಿದರೆ ಹವಾಮಾನ ಬದಲಾವಣೆಯ ವಿಷಯದಲ್ಲಿ ನಾನೂ ಏನಾದರೂ ಮಾಡಬಲ್ಲೆ ಎನಿಸುತ್ತದೆ?

ಒಂದೇ ಚಿತ್ರರಾಶಿಯನ್ನು ಎರಡು ಸಲ ಜೋಡಿಸಿದಾಗ ಎರಡು ಬೇರೆ ನಕ್ಷೆಗಳು ಬಂದವು. ನೆರೆ, ಬರ, ಬಿರುಕುಬಿಟ್ಟ ನೆಲದಂಥ ಪರಿಣಾಮದ ಚಿತ್ರಗಳು ವಿಷಯದ ಮಹತ್ವವನ್ನು ಮನಗಾಣಿಸಿದವು, ಆದರೆ 'ನನ್ನಿಂದ ಏನಾದೀತು' ಎಂಬ ನಿಸ್ಸಹಾಯಕತೆಯನ್ನೂ ಹುಟ್ಟಿಸಿದವು. ಬದಲಿ ಇಂಧನ, ಮನೆಯ ವಿದ್ಯುತ್ ಉಳಿತಾಯದಂಥ ಚಿತ್ರಗಳು ಕೈಲಾಗುತ್ತದೆ ಎಂಬ ನಂಬಿಕೆಯನ್ನು ಹೆಚ್ಚಿಸಿದವು. ರಾಜಕಾರಣಿಗಳ ಮತ್ತು ಖ್ಯಾತನಾಮರ ಚಿತ್ರಗಳು ಮಹತ್ವದ ಭಾವನೆಯನ್ನೇ ತಗ್ಗಿಸಿದವು. ಪತ್ರಿಕೆಗಳು ಹವಾಮಾನದ ಸುದ್ದಿಯ ಜೊತೆ ಹೆಚ್ಚಾಗಿ ಮುದ್ರಿಸುವುದು ರಾಜಕಾರಣಿಗಳ ಮುಖಗಳನ್ನೇ ಎಂದು ಓನೀಲ್ ಅವರದೇ ಇನ್ನೊಂದು ಅಧ್ಯಯನ ತೋರಿಸಿದ್ದರಿಂದ ಈ ಮೂರನೆಯ ಫಲಿತಾಂಶಕ್ಕೆ ವಿಶೇಷ ತೂಕವಿದೆ. ನಂತರ ಜರ್ಮನಿ, ಸ್ವಿಟ್ಜರ್‌ಲೆಂಡ್ ಮತ್ತು ಆಸ್ಟ್ರಿಯಾಗಳಲ್ಲಿ ಬೇರೆ ಸಂಶೋಧಕರು ಇದೇ ಪ್ರಯೋಗ ನಡೆಸಿದಾಗಲೂ ಹೆಚ್ಚುಕಡಿಮೆ ಇದೇ ಉತ್ತರ ಬಂತು.

ಒಂದು ಚಿತ್ರಕ್ಕೆ 'ಧನಾತ್ಮಕ' ಅಥವಾ 'ಋಣಾತ್ಮಕ' ಎಂಬ ಒಂದೇ ಅಂಕ ಕೊಟ್ಟು ಮುಂದೆ ಹೋಗುವ ಎಲ್ಲ ಅಳತೆಗಳನ್ನೂ ಈ ಫಲಿತಾಂಶ ಪ್ರಶ್ನಿಸುತ್ತದೆ. ನೆರೆಯ ಚಿತ್ರ ನೋಡಿ ಎಚ್ಚೆತ್ತವರೂ ಕೈಚೆಲ್ಲಿ ಕುಳಿತವರೂ ಅಂಥ ಅಳತೆಯಲ್ಲಿ ಒಂದೇ ಖಾನೆಗೆ ಬೀಳುತ್ತಾರೆ. ಜನಾಭಿಪ್ರಾಯ ಯಾವ ಕಡೆ ಹೊರಳುತ್ತಿದೆ ಎಂದು ತಿಳಿಯಬೇಕಾದ ಸರ್ಕಾರಕ್ಕಾಗಲಿ ಸಂಘಟನೆಗಾಗಲಿ ಬೇಕಾಗಿರುವುದು ಆ ಇಬ್ಬರ ನಡುವಿನ ವ್ಯತ್ಯಾಸವೇ.

ಬ್ರಿಟನ್ನಿನ ಕ್ಲೈಮೇಟ್ ಔಟ್‌ರೀಚ್ ಸಂಸ್ಥೆ 2016ರಲ್ಲಿ ಆರಂಭಿಸಿದ ಕ್ಲೈಮೇಟ್ ವಿಷುವಲ್ಸ್ ಯೋಜನೆ ಇದೇ ದಾರಿಯಲ್ಲಿ ಮುಂದುವರಿಯಿತು. ಲಂಡನ್ ಮತ್ತು ಬರ್ಲಿನ್‌ಗಳಲ್ಲಿ ಗುಂಪು ಚರ್ಚೆ, ಬ್ರಿಟನ್, ಅಮೆರಿಕ ಮತ್ತು ಜರ್ಮನಿಗಳಲ್ಲಿ ಆನ್‌ಲೈನ್ ಸಮೀಕ್ಷೆ ನಡೆದವು. ಕ್ಯಾಮೆರಾಗೆಂದೇ ನಿಲ್ಲಿಸಿದ ಜನರನ್ನು ನೋಡುಗರು ಕೂಡಲೇ ಗುರುತಿಸಿ ದೂರವಿಡುತ್ತಾರೆ, ಪ್ರತಿಭಟನೆಯ ಚಿತ್ರಗಳು ಈಗಾಗಲೇ ಕಾಳಜಿಯಿರುವವರನ್ನು ಮಾತ್ರ ಮುಟ್ಟುತ್ತವೆ ಎಂಬಂಥ ತೀರ್ಮಾನಗಳು ಹೊರಬಂದವು. 2019ರ ಅಕ್ಟೋಬರ್‌ನಲ್ಲಿ ದಿ ಗಾರ್ಡಿಯನ್ ಪತ್ರಿಕೆ ಹಿಮಕರಡಿಗಳನ್ನು ಕಡಿಮೆ ಮಾಡಿ ಮನುಷ್ಯರ ಮೇಲಾಗುವ ಪರಿಣಾಮವನ್ನು ಹೆಚ್ಚು ತೋರಿಸುವುದಾಗಿ ಪ್ರಕಟಿಸಿದಾಗ ಅದಕ್ಕೆ ಈ ಯೋಜನೆಯ ಸಲಹೆಯ ಬೆಂಬಲವಿತ್ತು.

ಇವೆಲ್ಲ ಜನರನ್ನು ಕೂರಿಸಿ ಕೇಳುವ ವಿಧಾನಗಳು. ಆದರೆ ಸಾಮಾಜಿಕ ಮಾಧ್ಯಮದಲ್ಲಿ ದಿನವೂ ಲಕ್ಷಗಟ್ಟಲೆ ಚಿತ್ರಗಳು ಹರಿದಾಡುವಾಗ ಅವುಗಳನ್ನೇ ಓದಿ ಜನರ ನಾಡಿ ತಿಳಿಯಬಹುದಲ್ಲ ಎಂಬ ಆಸೆ ಸಹಜ. ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ 2013ರಲ್ಲಿ ಈ ದಿಕ್ಕಿನಲ್ಲಿ ದೊಡ್ಡ ಹೆಜ್ಜೆ ಇಟ್ಟಿತು. ಬರಿಯ 'ಹೂವು' ಎಂಬ ಪದಕ್ಕೆ ಭಾವವಿಲ್ಲ, 'ಸುಂದರವಾದ ಹೂವು' ಎಂದಾಗ ಭಾವ ಬರುತ್ತದೆ. ಬರಿಯ 'ಕಣ್ಣು' ಏನನ್ನೂ ಹೇಳದು, 'ದುಃಖದ ಕಣ್ಣು' ಹೇಳುತ್ತದೆ. ಇಂಥ ಗುಣವಾಚಕ ಮತ್ತು ನಾಮಪದದ 3,000ಕ್ಕೂ ಹೆಚ್ಚು ಜೋಡಿಗಳನ್ನು ಪಟ್ಟಿ ಮಾಡಿ, ಅವುಗಳಲ್ಲಿ 1,200 ಜೋಡಿಗಳನ್ನು ಚಿತ್ರದಲ್ಲಿ ಗುರುತಿಸುವ ತಂತ್ರಾಂಶವನ್ನು ಅವರು ಕಟ್ಟಿದರು. 2021ರಲ್ಲಿ ಓಪನ್‌ಎಐ ಸಂಸ್ಥೆ ಹೊರತಂದ ಕ್ಲಿಪ್ ಎಂಬ ಕೃತಕ ಬುದ್ಧಿಮತ್ತೆಯ ಮಾದರಿ ಇನ್ನೂ ಮುಂದೆ ಹೋಯಿತು. ಅಂತರ್ಜಾಲದಿಂದ ತೆಗೆದ 40 ಕೋಟಿ ಚಿತ್ರಗಳನ್ನು ಅವುಗಳ ಜೊತೆಗಿದ್ದ ಬರಹದೊಂದಿಗೆ ಹೋಲಿಸಿ ಕಲಿತ ಈ ಮಾದರಿ, ಚಿತ್ರವನ್ನೂ ವಾಕ್ಯವನ್ನೂ ಒಂದೇ ಬಗೆಯ ಸಂಖ್ಯಾಸಾಲುಗಳಾಗಿ ಬದಲಿಸುತ್ತದೆ. ಎರಡು ಸಾಲುಗಳು ಹತ್ತಿರವಿದ್ದರೆ ಚಿತ್ರಕ್ಕೂ ಮಾತಿಗೂ ಹೊಂದಿಕೆ ಇದೆ ಎಂದರ್ಥ. 'ನೆರೆಯಲ್ಲಿ ಸಿಲುಕಿದ ಜನ', 'ಸೌರ ಫಲಕ', 'ಪ್ರತಿಭಟನೆಯ ಮೆರವಣಿಗೆ' ಎಂದು ಬರೆದು ಕೊಟ್ಟರೆ ಹತ್ತಾರು ಸಾವಿರ ಚಿತ್ರಗಳನ್ನು ಅದು ಅಲ್ಪ ಹೊತ್ತಿನಲ್ಲಿ ಗುಂಪು ಮಾಡಿಕೊಡಬಲ್ಲದು. ಚಿತ್ರದಲ್ಲಿ ಏನಿದೆ ಎಂದು ತಿಳಿಯಲು ಇದು ನಿಜಕ್ಕೂ ಉಪಯುಕ್ತ. ಅಲ್ಲಿಂದ ಜನರಿಗೆ ಏನನಿಸುತ್ತದೆ ಎಂಬಲ್ಲಿಗೆ ಜಿಗಿಯುವಾಗಲೇ ಕಾಲು ಜಾರುವುದು.

2019ರ ಬೇಸಿಗೆಯಲ್ಲಿ ಯುರೋಪು ಹಿಂದೆ ಕಂಡರಿಯದ ಬಿಸಿಗಾಳಿಗೆ ಸಿಕ್ಕಿತು. ಜುಲೈ 25ರಂದು ಪ್ಯಾರಿಸ್‌ನಲ್ಲಿ 42.6 ಡಿಗ್ರಿ ಸೆಲ್ಸಿಯಸ್, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 38.7 ಡಿಗ್ರಿ ದಾಖಲಾಯಿತು. ಬ್ರಿಟನ್, ಫ್ರಾನ್ಸ್, ಜರ್ಮನಿ ಮತ್ತು ನೆದರ್ಲೆಂಡ್ಸ್‌ಗಳ ಸುದ್ದಿಮಾಧ್ಯಮಗಳು ಆ ದಿನಗಳಲ್ಲಿ ಬಳಸಿದ ಚಿತ್ರಗಳನ್ನು ಓನೀಲ್ ಮತ್ತು ಸಂಗಡಿಗರು ಪರಿಶೀಲಿಸಿದರು. ಬರಹದಲ್ಲಿ ಅಪಾಯದ ಎಚ್ಚರಿಕೆ ಇತ್ತು. ಪಕ್ಕದ ಚಿತ್ರದಲ್ಲಿ ಕಡಲತೀರದಲ್ಲಿ ಮೈಚಾಚಿದ ಜನ, ಕಾರಂಜಿಯಲ್ಲಿ ನೀರಾಡುವ ಮಕ್ಕಳು. ಬಿಸಿಲಿನ ಅಪಾಯವನ್ನು ತೋರಿಸಿದ ಚಿತ್ರಗಳಲ್ಲೋ ಹೆಚ್ಚಾಗಿ ಮನುಷ್ಯರೇ ಇರುತ್ತಿರಲಿಲ್ಲ. ಕಾರಂಜಿಯ ಮಕ್ಕಳ ಚಿತ್ರವನ್ನು ಯಂತ್ರಕ್ಕೆ ಕೊಟ್ಟರೆ ಅದು 'ಸಂತೋಷ' ಎನ್ನುತ್ತದೆ, ಮತ್ತು ಚಿತ್ರದೊಳಗಿನ ಭಾವದ ಮಟ್ಟಿಗೆ ಅದು ಹೇಳುವುದು ಸರಿಯೇ. ಆದರೆ ಆ ಉತ್ತರಗಳನ್ನು ಒಟ್ಟುಗೂಡಿಸಿ 'ಬಿಸಿಗಾಳಿಯ ಬಗ್ಗೆ ಜನರಲ್ಲಿ ಸಂತೋಷದ ಭಾವನೆ ಇದೆ' ಎಂದು ವರದಿ ಬರೆದರೆ, ಚಿತ್ರ ಸಂಪಾದಕರ ಆಯ್ಕೆಯನ್ನು ಇಡೀ ದೇಶದ ಮನಸ್ಸೆಂದು ತಪ್ಪಾಗಿ ತಿಳಿದಂತಾಯಿತು. ನಮ್ಮ ಪತ್ರಿಕೆಗಳ ಬೇಸಿಗೆಯ ಪುಟಗಳಲ್ಲಿಯೂ ಕಲ್ಲಂಗಡಿ ಅಂಗಡಿ, ಎಳನೀರಿನ ರಾಶಿ, ಬಾವಿಗೆ ಹಾರುವ ಹುಡುಗರು ಸಾಮಾನ್ಯವಾಗಿ ಕಾಣಿಸುತ್ತಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ಡಾಂಬರು ಹಾಕುವ ಕೂಲಿಕಾರರು ಅಪರೂಪ.

ಸ್ಥಳೀಯ ಅರ್ಥದ ಸಮಸ್ಯೆ ಇದಕ್ಕಿಂತ ಆಳದ್ದು. ಬಿರುಕುಬಿಟ್ಟ ನೆಲ ಹವಾಮಾನ ಬದಲಾವಣೆಯ ಅತ್ಯಂತ ಪರಿಚಿತ ಸಂಕೇತಗಳಲ್ಲಿ ಒಂದು. ಯಂತ್ರವೂ, ದೂರದ ನೋಡುಗರೂ ಅದನ್ನು ಕಂಡೊಡನೆ ಬರ, ಹತಾಶೆ ಎಂದು ಓದುತ್ತಾರೆ. ಆದರೆ ಗದಗ, ಧಾರವಾಡ, ವಿಜಯಪುರ, ರಾಯಚೂರು ಕಡೆಯ ಎರೆಭೂಮಿ ಪ್ರತಿ ಬೇಸಿಗೆಯಲ್ಲೂ ಬಿರಿಯುತ್ತದೆ. ಅದರಲ್ಲಿರುವ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇಲಿನ ಪುಡಿಮಣ್ಣು ಬಿರುಕಿಗೆ ಜಾರಿ, ಮಳೆ ಬಿದ್ದಾಗ ಕೆಳಗಿನ ಮಣ್ಣಿನೊಂದಿಗೆ ಬೆರೆಯುವುದರಿಂದ ಕೃಷಿ ಪಠ್ಯಗಳು ಇದನ್ನು ತನ್ನನ್ನು ತಾನೇ ಉಳುವ ಮಣ್ಣು ಎನ್ನುತ್ತವೆ. ಮೇ ತಿಂಗಳಲ್ಲಿ ಬಿರಿದ ಎರೆಹೊಲ ಅಲ್ಲಿಯ ರೈತನಿಗೆ ದುರಂತದ ಚಿತ್ರವಲ್ಲ. ಅದೇ ಹೊಲ ಆಗಸ್ಟ್‌ನಲ್ಲಿ, ಬೆಳೆ ನಿಂತಿರುವಾಗ ಬಿರಿದರೆ ಎದೆ ಒಡೆಯುತ್ತದೆ. ಎರಡು ಚಿತ್ರಗಳ ನಡುವಿನ ವ್ಯತ್ಯಾಸ ತಿಂಗಳಲ್ಲಿದೆ, ಒಣಗುತ್ತಿರುವ ಪೈರಿನಲ್ಲಿದೆ, ನೋಡುವವರ ಅನುಭವದಲ್ಲಿದೆ. ಹೀಗೆಯೇ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನ ಚಿತ್ರವನ್ನು ಬೆಂಗಳೂರಿನವರು ಭರವಸೆಯ ಚಿತ್ರವೆಂದು ಜೋಡಿಸಬಹುದು. ಅಲ್ಲಿ ಜಮೀನು ಗುತ್ತಿಗೆಗೆ ಕೊಟ್ಟು ಬಾಡಿಗೆ ಪಡೆಯುವ ರೈತರೂ, ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರೂ ಅದನ್ನು ಒಂದೇ ಚೌಕದಲ್ಲಿ ಇಡುತ್ತಾರೆಂದು ನಾನು ನಂಬಲಾರೆ.

ಯಂತ್ರಕ್ಕೆ ಕಲಿಸುವ ಮೊದಲು ಮನುಷ್ಯರು ಚಿತ್ರಗಳಿಗೆ ಹೆಸರು ಹಚ್ಚಬೇಕು, ಮತ್ತು ಹೆಸರು ಹಚ್ಚುವವರು ತಮ್ಮೊಳಗೆ ಒಪ್ಪುತ್ತಾರೆಯೇ ಎಂದು ಪರೀಕ್ಷಿಸಬೇಕು. ಇಲ್ಲೊಂದು ಲೆಕ್ಕ ಸುಲಭವಾಗಿ ಮೋಸ ಮಾಡುತ್ತದೆ. ಇಬ್ಬರು ನೂರು ಚಿತ್ರಗಳನ್ನು ನೋಡಿ, ಇಬ್ಬರೂ ಬೇರೆ ಬೇರೆಯಾಗಿ 80ಕ್ಕೆ 'ದುಃಖ', 20ಕ್ಕೆ 'ದುಃಖವಲ್ಲ' ಎಂದು ಬರೆದರೆಂದು ಇಟ್ಟುಕೊಳ್ಳೋಣ. 84 ಚಿತ್ರಗಳಲ್ಲಿ ಅವರ ಉತ್ತರ ಕೂಡಿಬಂತು. ಶೇಕಡ 84 ಒಪ್ಪಿಗೆ ಎಂದರೆ ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಇಬ್ಬರೂ ಚಿತ್ರಗಳನ್ನು ನೋಡದೆ ಕಣ್ಣುಮುಚ್ಚಿ ಇದೇ ಪ್ರಮಾಣದಲ್ಲಿ ಬರೆದಿದ್ದರೂ 64 ಕಡೆ 'ದುಃಖ'ದಲ್ಲಿ, 4 ಕಡೆ 'ದುಃಖವಲ್ಲ'ದಲ್ಲಿ, ಒಟ್ಟು 68 ಕಡೆ ಆಕಸ್ಮಿಕವಾಗಿ ಕೂಡಿಬರುತ್ತಿತ್ತು. ಆಕಸ್ಮಿಕವನ್ನು ಮೀರಿ ಗಳಿಸಬಹುದಾಗಿದ್ದ 32ರಲ್ಲಿ ಅವರು ಗಳಿಸಿದ್ದು 16; ಅಂದರೆ ನಿಜವಾದ ಒಪ್ಪಿಗೆ 0.5 ಮಾತ್ರ. ಕೋಹೆನ್ ಅವರ ಕಪ್ಪಾ ಎಂಬ ಅಳತೆ ಮಾಡುವುದು ಇದನ್ನೇ. ಇದೇ ಬಗೆಯ ಕ್ರಿಪೆಂಡಾರ್ಫ್ ಅವರ ಆಲ್ಫಾ ಎಂಬ ಅಳತೆಯಲ್ಲಿ ಸಾಮಾನ್ಯವಾಗಿ 0.80ರ ಮೇಲಿದ್ದರೆ ಮಾತ್ರ ವಿಶ್ವಾಸಾರ್ಹ ಎನ್ನುತ್ತಾರೆ. 'ಚಿತ್ರದಲ್ಲಿ ನೀರಿದೆಯೇ' ಎಂಬ ಪ್ರಶ್ನೆಗೆ ಆ ಮಟ್ಟ ಮುಟ್ಟುವುದು ಕಷ್ಟವಲ್ಲ. 'ಚಿತ್ರ ಭರವಸೆ ಹುಟ್ಟಿಸುತ್ತದೆಯೇ' ಎಂಬ ಪ್ರಶ್ನೆಗೆ ಬಹಳ ಕಷ್ಟ. ಭರವಸೆಯ ವಿಷಯದಲ್ಲಿ ಜನ ಒಪ್ಪದಿರುವುದನ್ನು ದತ್ತಾಂಶದ ದೋಷವೆಂದು ತೆಗೆದುಹಾಕುವುದು ರೂಢಿ. ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಜನಭಾವನೆಯನ್ನು ಅಳೆಯಲು ಹೊರಟ ಮೇಲೆ ಆ ಭಿನ್ನಮತವೇ ನಾವು ಹುಡುಕುತ್ತಿರುವ ಮಾಹಿತಿ.

ಇನ್ನು, ಯಾರ ಚಿತ್ರಗಳು ನಮ್ಮ ಲೆಕ್ಕಕ್ಕೆ ಸಿಗುತ್ತವೆ? ಸಂಶೋಧಕರು ವರ್ಷಗಟ್ಟಲೆ ಆಧರಿಸಿದ್ದು ಟ್ವಿಟರ್ ಅನ್ನು. ಚಿತ್ರಗಳಲ್ಲಿ ಹೆಚ್ಚು ಮುಳುಗಿದ ಜನ ಅಲ್ಲಿದ್ದರು ಎಂಬುದಕ್ಕಿಂತ, ಅಲ್ಲಿಂದ ದತ್ತಾಂಶ ತೆಗೆಯುವುದು ಸುಲಭವಾಗಿತ್ತು ಎಂಬ ಕಾರಣಕ್ಕೆ. 2023ರಲ್ಲಿ ಆ ಉಚಿತ ಬಾಗಿಲು ಮುಚ್ಚಿತು. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂನ ಸಾರ್ವಜನಿಕ ಪೋಸ್ಟ್‌ಗಳನ್ನು ನೋಡಲು ನೆರವಾಗುತ್ತಿದ್ದ ಕ್ರೌಡ್‌ಟ್ಯಾಂಗಲ್ ಅನ್ನು ಮೆಟಾ ಕಂಪನಿ 2024ರ ಆಗಸ್ಟ್ 14ರಂದು ನಿಲ್ಲಿಸಿತು. 2018ರ ಕೊಡಗಿನ ಭೂಕುಸಿತದ, 2019ರ ಉತ್ತರ ಕರ್ನಾಟಕದ ನೆರೆಯ ಚಿತ್ರಗಳು ಬಹಳಷ್ಟು ಓಡಾಡಿದ್ದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ. ಅವು ಗೂಢಲಿಪಿಯಲ್ಲಿ ಮುಚ್ಚಿರುತ್ತವೆ. ಜನರ ಖಾಸಗಿತನದ ದೃಷ್ಟಿಯಿಂದ ಅವು ಹಾಗೆಯೇ ಇರಬೇಕು. ಹೀಗಾಗಿ ತೆರೆದ ವೇದಿಕೆಯಲ್ಲಿ ಸಿಕ್ಕ ಚಿತ್ರಗಳಿಂದ ಕನ್ನಡಿಗರ ಹವಾಮಾನ ಭಾವನೆ ಇಂಥದ್ದು ಎಂದು ಹೇಳುವ ಯಾವುದೇ ವರದಿಯನ್ನು ಓದುವಾಗ, ಅದರಲ್ಲಿ ಇಲ್ಲದವರು ಯಾರು ಎಂದು ಮೊದಲು ನೋಡಬೇಕು.

ಹಾಗಾದರೆ ನಮ್ಮಲ್ಲಿ ಮಾಡಬಹುದಾದ ಪ್ರಾಮಾಣಿಕ ಅಳತೆ ಯಾವುದು? ಯೇಲ್ ವಿಶ್ವವಿದ್ಯಾಲಯದ ಹವಾಮಾನ ಬದಲಾವಣೆ ಸಂವಹನ ಕಾರ್ಯಕ್ರಮವು ಸಿವೋಟರ್ ಎಂಬ ಸಮೀಕ್ಷಾ ಸಂಸ್ಥೆಯ ಜೊತೆ ಸೇರಿ 2021ರ ಅಕ್ಟೋಬರ್‌ನಿಂದ 2022ರ ಜನವರಿಯವರೆಗೆ ಭಾರತದಲ್ಲಿ 4,619 ವಯಸ್ಕರನ್ನು ಮಾತನಾಡಿಸಿತು. ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ತಮಗೆ ಸ್ವಲ್ಪ ಮಾತ್ರ ಗೊತ್ತು ಅಥವಾ ಅದರ ಹೆಸರನ್ನೇ ಕೇಳಿಲ್ಲ ಎಂದವರು ಶೇಕಡ 54. ಅದೇ ಸಂಗತಿಯನ್ನು ಒಂದೆರಡು ಮಾತಿನಲ್ಲಿ ವಿವರಿಸಿ ಹೇಳಿದಾಗ, ಹೌದು, ಅದು ನಡೆಯುತ್ತಿದೆ ಎಂದವರು ಶೇಕಡ 84. ಪದ ತಿಳಿಯದ ಜನರಿಗೆ ಅನುಭವ ತಿಳಿದಿದೆ. ಅಂಥವರ ಎದುರು 'ಮನಸ್ಸಿಗೆ ಬರುವ ಮೊದಲ ಚಿತ್ರ ಯಾವುದು' ಎಂಬ ಪ್ರಶ್ನೆ ಕೆಲಸ ಮಾಡುವುದಿಲ್ಲ, ಏಕೆಂದರೆ ಆ ಪ್ರಶ್ನೆ ಪದದಿಂದ ಆರಂಭವಾಗುತ್ತದೆ. ಮುದ್ರಿಸಿದ ಚಿತ್ರಗಳನ್ನು ಕೈಗೆ ಕೊಟ್ಟು ಜೋಡಿಸಲು ಹೇಳುವ ವಿಧಾನಕ್ಕೆ ಪದವೂ ಬೇಡ, ಅಕ್ಷರವೂ ಬೇಡ. ಆ ಚಿತ್ರಗಳು ಅವರ ಜಿಲ್ಲೆಯವೇ ಆಗಿರಬೇಕು, ತೆಗೆದ ತಿಂಗಳು ಗೊತ್ತಿರಬೇಕು. ಮಹತ್ವದ ಪ್ರಶ್ನೆಗೆ ಒಂದು ಜೋಡಣೆ, ಕೈಲಾಗುವಿಕೆಯ ಪ್ರಶ್ನೆಗೆ ಇನ್ನೊಂದು ಜೋಡಣೆ ಆಗಬೇಕು, ಮತ್ತು ಪ್ರತಿ ಚಿತ್ರವನ್ನು ಅಲ್ಲಿಯೇ ಏಕೆ ಇಟ್ಟಿರಿ ಎಂಬ ಮಾತನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ಇಂಥ ಕೆಲಸಕ್ಕೆ ಒಂದು ಹಳ್ಳಿಯಲ್ಲಿ ಮೂವತ್ತು ನಲವತ್ತು ಜನ ಸಿಕ್ಕರೂ ಸಾಕು. ಕ್ಯೂ ವಿಧಾನಕ್ಕೆ ಬೇಕಾಗಿರುವುದು ತಲೆಎಣಿಕೆಯಲ್ಲ, ಒಂದೇ ಊರಿನಲ್ಲಿ ಎಷ್ಟು ಬಗೆಯ ನೋಟಗಳಿವೆ ಎಂಬ ಅರಿವು. ಯಂತ್ರದ ಕೆಲಸ ಅದರ ನಂತರದ್ದು: ಆ ಜನ ಕೊಟ್ಟ ಕಾರಣಗಳನ್ನು ಕಲಿಸಿ, ಬೇರೆಡೆಯ ಚಿತ್ರಗಳನ್ನು ಅವು ಎಲ್ಲಿಯವು, ಯಾವ ಋತುವಿನವು ಎಂಬ ಮಾಹಿತಿಯೊಂದಿಗೆ ವಿಂಗಡಿಸಲು ಅದನ್ನು ಹಚ್ಚಬಹುದು.